ಹುಲಿಯ ಲೆಕ್ಕ

ನಮ್ಮ ದೇಶದಲ್ಲಿ ಹುಲಿಗಳೆಷ್ಟಿವೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ನೀವು ತಡವರಿಸಬೇಕಾಗಿಲ್ಲ. 2022ರ ಅಖಿಲ ಭಾರತ ಅಂದಾಜಿನ ಪ್ರಕಾರ ಸರಾಸರಿ 3,682; ಕರ್ನಾಟಕದಲ್ಲಿ 563. ಮಧ್ಯಪ್ರದೇಶದ 785ರ ನಂತರ ಎರಡನೆಯ ಸ್ಥಾನ ನಮ್ಮದು. ಅಲ್ಲಿಗೆ ಎರಡು ಅಂಕ ನಿಮ್ಮದಾಯಿತು. ಆದರೆ ಇತಿಹಾಸವನ್ನು ಓದುವವರು ಅಲ್ಲಿಗೇ ನಿಲ್ಲುವಂತಿಲ್ಲ. ಮನುಷ್ಯನ ಕಣ್ಣಿಗೆ ಬೀಳದೆ ಬದುಕುವುದನ್ನೇ ವಿದ್ಯೆಯಾಗಿಸಿಕೊಂಡಿರುವ ಪ್ರಾಣಿಯನ್ನು ಎಣಿಸಿದವರು ಯಾರು? ಹೇಗೆ ಎಣಿಸಿದರು? ಯಾವ ಉದ್ದೇಶಕ್ಕಾಗಿ? ಈ ಪ್ರಶ್ನೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ಹುಲಿ ಅಳಿವಿನ ಅಂಚಿಗೆ ಬಂದ ಕಥೆಯೂ ಉಳಿದುಕೊಂಡ ಕಥೆಯೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ತಪ್ಪು ಲೆಕ್ಕವೊಂದು ಹುಲಿಗಳ ಪ್ರಾಣಕ್ಕೇ ಎರವಾದ ಪ್ರಸಂಗವೂ ಅದರಲ್ಲಿದೆ.

ಮೊದಲು ಎಣಿಸಿದ್ದು ಬದುಕಿದ್ದ ಹುಲಿಗಳನ್ನಲ್ಲ, ಸತ್ತವುಗಳನ್ನು.

ಹುಲಿಗೂ ಮನುಷ್ಯನಿಗೂ ನಡೆದ ಕಾದಾಟ ಹಳೆಯದು. ಹುಲಿಯೊಡನೆ ಹೋರಾಡಿ ಮಡಿದವರ ನೆನಪಿಗೆ ನೆಟ್ಟ ವೀರಗಲ್ಲುಗಳು ಕರ್ನಾಟಕದ ಹಲವು ಕಡೆ ಇವೆ. ಕೊಡಗಿನಲ್ಲಿ ಹುಲಿಯನ್ನು ಕೊಂದವನಿಗೆ 'ನರಿ ಮಂಗಲ' ಎಂಬ, ಮದುವೆಯನ್ನು ಹೋಲುವ ಗೌರವ ನಡೆಯುತ್ತಿತ್ತು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ ಎಂಬುದನ್ನು ತಿಳಿಯದವರು ಈ ಹೆಸರನ್ನು ಕೇಳಿ ನಕ್ಕುಬಿಡುವುದುಂಟು! ಒಂದು ಹುಲಿಯನ್ನು ಕೊಂದದ್ದಕ್ಕೆ ಕಲ್ಲು ನೆಡಬೇಕು, ಮದುವೆ ಮಾಡಬೇಕು ಎಂದರೆ ಅಂಥ ಘಟನೆ ಅಪರೂಪವಾಗಿತ್ತು ಎಂದೇ ಅರ್ಥವಲ್ಲವೆ? ಈಟಿ, ಬಲೆ, ಬೋನುಗಳ ಕಾಲದಲ್ಲಿ ಹುಲಿಗಳು ಸಾಯುತ್ತಿದ್ದವು, ಆದರೆ ಹುಲಿಯ ಸಂತತಿ ಸಾಯುತ್ತಿರಲಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಇದು ಬದಲಾಯಿತು. ಕಾಡು ಕಡಿದು ಬೇಸಾಯವನ್ನು ವಿಸ್ತರಿಸಿ ಕಂದಾಯ ಹೆಚ್ಚಿಸಿಕೊಳ್ಳಬೇಕೆಂದಿದ್ದ ಸರಕಾರಕ್ಕೆ ಹುಲಿ ಒಂದು ಅಡ್ಡಿ. ಆದುದರಿಂದ ಹುಲಿಯನ್ನು ಕೊಂದವರಿಗೆ ಬಹುಮಾನ ಗೊತ್ತುಪಡಿಸಿತು. ಕೊಂದದ್ದಕ್ಕೆ ಸಾಕ್ಷಿಯನ್ನು ತಂದು ಒಪ್ಪಿಸಿದರೆ ಕಚೇರಿಯಲ್ಲಿ ಹಣ ಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹುಲಿಯ ಬಗೆಗೆ ಸರಕಾರ ಇಟ್ಟ ಮೊದಲ ಲೆಕ್ಕ ಇದೇ. ಇಂಥ ದಾಖಲೆಗಳನ್ನು ಪರಿಶೀಲಿಸಿದ ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಕೊಲ್ಲಲ್ಪಟ್ಟವು. ಈಗ ಇಡೀ ಭಾರತದಲ್ಲಿರುವ ಹುಲಿಗಳನ್ನೆಲ್ಲ ಇಪ್ಪತ್ತಕ್ಕೂ ಹೆಚ್ಚು ಬಾರಿ ಕೊಂದಂತೆ!

ಇದರ ಜೊತೆಗೆ ಶೋಕಿಯ ಬೇಟೆ. 1911ರಲ್ಲಿ ದೊರೆ ಐದನೆಯ ಜಾರ್ಜ್ ದೆಹಲಿ ದರ್ಬಾರಿಗೆ ಬಂದವನು ನೇಪಾಳದ ತೆರಾಯಿ ಕಾಡಿಗೂ ಹೋದ. ಕೆಲವೇ ದಿನಗಳಲ್ಲಿ ಅವನ ತಂಡ 39 ಹುಲಿಗಳನ್ನು ಉರುಳಿಸಿತು. ನಮ್ಮ ರಾಜಮಹಾರಾಜರೂ ಹಿಂದೆ ಬೀಳಲಿಲ್ಲ. ಇನ್ನು ಮೈಸೂರಿನಲ್ಲಿ ಒಂದು ಪ್ರಸಿದ್ಧ ಕಾರ್ಖಾನೆಯಿತ್ತು: ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್. ಸತ್ತ ಪ್ರಾಣಿಯ ಚರ್ಮವನ್ನು ಹದಮಾಡಿ, ಗಾಜಿನ ಕಣ್ಣು ಕೂಡಿಸಿ, ಜೀವ ಬಂದಂತೆ ನಿಲ್ಲಿಸುವುದು ಅವರ ಕಸಬು. ದೇಶದ ಮೂಲೆಮೂಲೆಗಳಿಂದ ಚರ್ಮಗಳು ಮೈಸೂರಿಗೆ ಬರುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಿಂದ 1999ರಲ್ಲಿ ಬಾಗಿಲು ಮುಚ್ಚುವವರೆಗೆ ಹುಲಿ, ಚಿರತೆ ಸೇರಿ 43,000ಕ್ಕೂ ಹೆಚ್ಚು ಪ್ರಾಣಿಗಳು ಅವರ ಕೈಯಿಂದ ಹಾದುಹೋದವಂತೆ. ಯಾವುದಾದರೂ ಹಳೆಯ ಅರಮನೆಯ ಗೋಡೆಯಲ್ಲಿ ಬಾಯಿ ತೆರೆದ ಹುಲಿಯ ತಲೆಯನ್ನು ನೀವು ಕಂಡಿದ್ದರೆ ಅದು ಮೈಸೂರಿನಲ್ಲಿ ತಯಾರಾದದ್ದಿರಬಹುದು.

ಒಂದು ಮಾತನ್ನು ಇಲ್ಲಿ ಹೇಳಬೇಕು. ಬೇಟೆಗೆಂದು ರಾಜರು ಕಾದಿರಿಸಿಕೊಂಡ ಕಾಡುಗಳೇ ಮುಂದೆ ಹುಲಿಗೆ ಆಸರೆಯಾದವು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರನ್ನು ಹೊತ್ತಿದ್ದ, ಮೈಸೂರು ಅರಸರ ವೇಣುಗೋಪಾಲ ವನ್ಯಮೃಗ ಧಾಮವೇ ಇಂದಿನ ಬಂಡೀಪುರಕ್ಕೆ ತಳಹದಿ. ಒಳ್ಳೆಯ ಉದ್ದೇಶದಿಂದ ಒಳ್ಳೆಯದೇ ಆಗುತ್ತದೆ, ಕೆಟ್ಟದ್ದರಿಂದ ಕೆಟ್ಟದ್ದೇ ಆಗುತ್ತದೆ ಎಂಬ ನಿಯಮ ಇತಿಹಾಸಕ್ಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹುಲಿಗೆ ಬಿಡುವು ಸಿಗಬೇಕಿತ್ತು, ಸಿಗಲಿಲ್ಲ. ಜೀಪು, ಪ್ರಖರವಾದ ದೀಪ, ಬಂದೂಕುಗಳು ಬೇಟೆಯನ್ನು ಸುಲಭಗೊಳಿಸಿದವು. ವಿದೇಶಿ ಶ್ರೀಮಂತರನ್ನು ಕರೆತಂದು ಹುಲಿ ಹೊಡೆಸುವ ಕಂಪನಿಗಳು ಹುಟ್ಟಿಕೊಂಡವು. ಅತ್ತ ಕಾಡೂ ಕರಗುತ್ತಿತ್ತು. ಮಲೇರಿಯಾ ಹತೋಟಿಗೆ ಬಂದೊಡನೆ ತೆರಾಯಿಯ ಜೌಗುಕಾಡು ಹೊಲವಾಯಿತು. ನಮ್ಮಲ್ಲಿ ಜಲಾಶಯಗಳು, ತೇಗ-ನೀಲಗಿರಿ ನೆಡುತೋಪುಗಳು ಕಾಡಿನ ಜಾಗವನ್ನು ಹಿಡಿದವು. ಇವೆಲ್ಲ ದೇಶಕ್ಕೆ ಬೇಕಾಗಿಯೇ ಇದ್ದವು ಎನ್ನುವವರನ್ನು ಅಲ್ಲಗಳೆಯಲಾಗದು. ಹಸಿದ ದೇಶಕ್ಕೆ ಅನ್ನ ಬೇಕಿತ್ತು. ಆದರೆ ಹುಲಿಯ ನಷ್ಟವನ್ನು ಯಾವ ಯೋಜನೆಯ ಖರ್ಚಿನ ಪಟ್ಟಿಯಲ್ಲೂ ಬರೆದುಕೊಳ್ಳಲಿಲ್ಲ.

ಆಗ ಎಷ್ಟು ಹುಲಿಗಳು ಉಳಿದಿದ್ದವು? ಯಾರಿಗೂ ತಿಳಿಯದು. ಶತಮಾನದ ಆರಂಭದಲ್ಲಿ ಭಾರತದಲ್ಲಿ 40,000 ಹುಲಿಗಳಿದ್ದವು ಎಂಬ ವಾಕ್ಯವನ್ನು ನೀವು ಪಠ್ಯದಲ್ಲೋ ಪತ್ರಿಕೆಯಲ್ಲೋ ಓದಿರುತ್ತೀರಿ. ಇದು ಯಾರೂ ಎಣಿಸಿ ಬರೆದದ್ದಲ್ಲ. ಅಸ್ಸಾಮಿನಲ್ಲಿ ಚಹಾ ತೋಟಗಾರರಾಗಿದ್ದ ನಿಸರ್ಗಪ್ರೇಮಿ ಇ.ಪಿ. ಗೀ 1964ರ ತಮ್ಮ ಪುಸ್ತಕದಲ್ಲಿ ಮಾಡಿದ ಊಹೆ. ಅವರು ಅದನ್ನು ಊಹೆಯೆಂದೇ ಬರೆದರು. ನಂತರದವರು ಸತ್ಯವೆಂದು ನಕಲು ಮಾಡಿದರು. ಒಂದು ಅಂಕಿ ಹತ್ತು ಪುಸ್ತಕಗಳಲ್ಲಿದ್ದ ಮಾತ್ರಕ್ಕೆ ಹತ್ತು ಸಾಕ್ಷಿಗಳು ಸಿಕ್ಕಂತಾಗುವುದಿಲ್ಲ. ಹತ್ತೂ ಒಂದನ್ನೇ ನೋಡಿ ಬರೆದಿರಬಹುದು.

ಊಹೆಯ ಕಾಲದಲ್ಲಿ ಒಬ್ಬರು ಬೇರೆ ದಾರಿ ಹಿಡಿದರು. ಅರಣ್ಯಾಧಿಕಾರಿ ಕೈಲಾಶ್ ಸಾಂಖಲಾ. 1967ರಲ್ಲಿ ಅವರು ದೆಹಲಿಯ ತುಪ್ಪುಳು ಚರ್ಮದ ಅಂಗಡಿಗಳನ್ನು ಸುತ್ತಿ, ಅಲ್ಲಿ ಮಾರಾಟಕ್ಕಿದ್ದ ಹುಲಿ-ಚಿರತೆ ಚರ್ಮಗಳ ಸಮೀಕ್ಷೆ ಮಾಡಿದರು. ಕಾಡಿನಲ್ಲಿ ಕಾಣದ ಹುಲಿಗಳು ಅಂಗಡಿಯ ಕಪಾಟಿನಲ್ಲಿದ್ದವು. ಈ ಸಂಗತಿ ಪತ್ರಿಕೆಯಲ್ಲಿ ಬಂದಾಗ ಓದುಗರು ಬೆಚ್ಚಿದರು. 1969ರಲ್ಲಿ ವಿಶ್ವ ನಿಸರ್ಗ ಸಂರಕ್ಷಣಾ ಒಕ್ಕೂಟದ ಮಹಾಸಭೆ ದೆಹಲಿಯಲ್ಲಿಯೇ ಸೇರಿತು. 1970ರಲ್ಲಿ ಹುಲಿಬೇಟೆ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದೇ ವರ್ಷ ನಡೆದ ಮೊದಲ ರಾಷ್ಟ್ರೀಯ ಗಣತಿ ಕೊಟ್ಟ ಸಂಖ್ಯೆ 1,827. ಪ್ರಧಾನಿ ಇಂದಿರಾ ಗಾಂಧಿಯವರ ಬೆಂಬಲದಿಂದ 1973ರ ಏಪ್ರಿಲ್ 1ರಂದು ಕಾರ್ಬೆಟ್ ಕಾಡಿನಲ್ಲಿ ಹುಲಿ ಯೋಜನೆ ಆರಂಭವಾಯಿತು. ಸಾಂಖಲಾ ಅದರ ಮೊದಲ ನಿರ್ದೇಶಕರು. ಆರಂಭದ ಒಂಬತ್ತು ಕಾಡುಗಳಲ್ಲಿ ದಕ್ಷಿಣದಿಂದ ಸೇರಿದ್ದು ಬಂಡೀಪುರ ಒಂದೇ.

ಈಗ ಗಣತಿಯ ವಿಧಾನವನ್ನು ನೋಡೋಣ. ಒಡಿಶಾದ ಸರೋಜ್ ರಾಜ್ ಚೌಧುರಿ ರೂಪಿಸಿದ ಕ್ರಮ ಅದು. ನಿಗದಿಯಾದ ದಿನಗಳಲ್ಲಿ ದೇಶದ ಸಾವಿರಾರು ಅರಣ್ಯ ಸಿಬ್ಬಂದಿ ದಾರಿಯ ಧೂಳಿನಲ್ಲಿ, ಹಳ್ಳದ ಮರಳಿನಲ್ಲಿ ಹುಲಿಯ ಹೆಜ್ಜೆಯನ್ನು ಹುಡುಕುತ್ತಾರೆ. ಸಿಕ್ಕ ಹೆಜ್ಜೆಯ ಮೇಲೆ ಗಾಜಿನ ಹಲಗೆಯಿಟ್ಟು ರೇಖೆ ಎಳೆದುಕೊಳ್ಳುತ್ತಾರೆ, ಪ್ಲಾಸ್ಟರಿನ ಅಚ್ಚು ತೆಗೆಯುತ್ತಾರೆ. ಪ್ರತಿಯೊಂದು ಹುಲಿಯ ಹೆಜ್ಜೆಯೂ ಬೇರೆ ಎಂಬುದು ಇದರ ಆಧಾರ. ಅವನ್ನು ಹೋಲಿಸಿ ನೋಡಿ ಇಂತಿಷ್ಟು ಹುಲಿ ಎಂದು ಬರೆಯುವುದು. ಕೇಳಲು ಸರಿಯಾಗಿಯೇ ಇದೆ. ಆದರೆ ಒಂದೇ ಹುಲಿ ಒದ್ದೆ ಮಣ್ಣಿನಲ್ಲಿ ನಡೆದಾಗ ಒಂದು ಬಗೆಯ ಗುರುತು, ಒಣ ಧೂಳಿನಲ್ಲಿ ಇನ್ನೊಂದು, ಓಡಿದಾಗ ಮತ್ತೊಂದು. ನಿಮ್ಮ ಊರಿನ ಕೆರೆಯಂಗಳದಲ್ಲಿ ನಾಯಿಯ ಹೆಜ್ಜೆಯನ್ನು ಗಮನಿಸಿದರೆ ನಿಮಗೂ ಇದು ತಿಳಿಯುತ್ತದೆ. ಕಲ್ಲುನೆಲದಲ್ಲಂತೂ ಹೆಜ್ಜೆಯೇ ಮೂಡುವುದಿಲ್ಲ.

ಕರ್ನಾಟಕದ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1980ರ ದಶಕದಲ್ಲಿಯೇ ಈ ಪ್ರಶ್ನೆಯನ್ನು ಎತ್ತಿದರು. ಅವರು ಮಾಡಿದ ಪರೀಕ್ಷೆ ಬಹಳ ಸರಳ. ಮೃಗಾಲಯದ ಹುಲಿಗಳ ಹೆಜ್ಜೆಯ ನಕಲುಗಳನ್ನು ಅನುಭವಿ ತಜ್ಞರ ಮುಂದಿಟ್ಟು ಇವು ಎಷ್ಟು ಹುಲಿಗಳವು ಎಂದು ಕೇಳಿದರು. ಒಬ್ಬರ ಉತ್ತರವೂ ಸರಿಯಾಗಲಿಲ್ಲ. ಬೋನಿನೊಳಗಿನ ಹುಲಿಯನ್ನೇ ಎಣಿಸಲಾರದ ವಿಧಾನ ಕಾಡಿನ ಹುಲಿಯನ್ನು ಎಣಿಸೀತೆ?

ಆದರೂ ಗಣತಿ ನಡೆಯುತ್ತಲೇ ಹೋಯಿತು, ಸಂಖ್ಯೆ ಏರುತ್ತಲೇ ಹೋಯಿತು. 1979ರಲ್ಲಿ 3,015, 1984ರಲ್ಲಿ 4,005, 1989ರಲ್ಲಿ 4,334. ಸಂಖ್ಯೆ ಏರಿದರೆ ಯೋಜನೆ ಗೆದ್ದಂತೆ, ಅಧಿಕಾರಿಗೆ ಶಹಬಾಸ್‌ಗಿರಿ; ಇಳಿದರೆ ವಿವರಣೆ ಕೊಡಬೇಕು. ಹೀಗಿರುವಾಗ ಯಾವ ಕಾಡಿನ ಅಂಕಿ ತಾನೇ ಇಳಿದೀತು? ಯೋಜನೆಯ ಮೊದಲ ವರ್ಷಗಳಲ್ಲಿ ಹುಲಿಗಳು ಹೆಚ್ಚಿದ್ದು ಸುಳ್ಳೇನಲ್ಲ. ಎಷ್ಟು ಹೆಚ್ಚಿದವು ಎಂಬುದು ಮಾತ್ರ ನಂಬುವಂತಿರಲಿಲ್ಲ.

ಕಾಗದದಲ್ಲಿ ಹುಲಿ ಬೆಳೆಯುತ್ತಿದ್ದ ಕಾಲದಲ್ಲಿಯೇ ಕಾಡಿನಲ್ಲಿ ಹೊಸ ಶತ್ರು ಕಾಲಿಟ್ಟಿದ್ದ. ಈ ಬಾರಿ ಬೇಕಾಗಿದ್ದದ್ದು ಚರ್ಮ ಮಾತ್ರವಲ್ಲ, ಮೂಳೆ. ಚೀನಾದ ಸಾಂಪ್ರದಾಯಿಕ ಔಷಧಿಗಳಲ್ಲಿ ಹುಲಿಯ ಮೂಳೆಗೆ ಬೇಡಿಕೆ. ಅಲ್ಲಿನ ಹುಲಿಗಳು ಬಹುತೇಕ ಮುಗಿದಿದ್ದುದರಿಂದ ಕಳ್ಳಸಾಗಣೆಯ ಕಣ್ಣು ಭಾರತದ ಮೇಲೆ ಬಿತ್ತು. 1993ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಒಂದೇ ದಾಳಿಯಲ್ಲಿ 287 ಕಿಲೊ ಹುಲಿಮೂಳೆ, ಎಂಟು ಹುಲಿಚರ್ಮಗಳು ಸಿಕ್ಕವು. ಒಂದು ಹುಲಿಯಿಂದ ಒಣಮೂಳೆ ಸಿಗುವುದು ಸುಮಾರು ಹತ್ತು-ಹನ್ನೆರಡು ಕಿಲೊ. ಭಾಗಾಕಾರವನ್ನು ನೀವೇ ಮಾಡಿಕೊಳ್ಳಿ. ಅದೇ ವರ್ಷ ಚೀನಾ ದೇಶ ಹುಲಿಮೂಳೆಯ ವ್ಯಾಪಾರವನ್ನು ಕಾನೂನಿನಲ್ಲಿ ನಿಷೇಧಿಸಿತಾದರೂ ಗುಪ್ತ ವ್ಯಾಪಾರ ನಿಲ್ಲಲಿಲ್ಲ.

ಇದರ ಪರಿಣಾಮ ಬಯಲಾದದ್ದು ರಾಜಸ್ಥಾನದ ಸರಿಸ್ಕಾದಲ್ಲಿ. ಅಲ್ವರ್ ಅರಸರ ಬೇಟೆಯ ಕಾಡಾಗಿದ್ದ ಸರಿಸ್ಕಾ ಹುಲಿ ಯೋಜನೆಗೆ ಸೇರಿ ಕಾಲು ಶತಮಾನವೇ ಆಗಿತ್ತು. 2004ರ ಗಣತಿ ಅಲ್ಲಿ 16ರಿಂದ 18 ಹುಲಿಗಳಿವೆ ಎಂದಿತು. ಆ ವರ್ಷದ ಮಳೆಗಾಲದ ನಂತರ ಪ್ರವಾಸಿಗರಿಗೂ ಸಿಬ್ಬಂದಿಗೂ ಹುಲಿ ಕಾಣಿಸಲೇ ಇಲ್ಲ. 2005ರ ಜನವರಿಯಲ್ಲಿ ಪತ್ರಿಕೆಯೊಂದು ಸರಿಸ್ಕಾದಲ್ಲಿ ಹುಲಿಯಿಲ್ಲವೆಂದು ಬರೆಯಿತು. ಸಿಟ್ಟು, ನಿರಾಕರಣೆ, ಪಕ್ಕದ ಕಾಡಿಗೆ ವಲಸೆ ಹೋಗಿರಬಹುದೆಂಬ ಸಮಾಧಾನ, ಎಲ್ಲವೂ ಆದವು. ಕಡೆಗೆ ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು ಕಾಡನ್ನು ಜಾಲಾಡಿ ಹೇಳಿದರು: ಒಂದೂ ಇಲ್ಲ.

ಹದಿನೆಂಟು ಹುಲಿಗಳು ಒಂದೇ ವರ್ಷದಲ್ಲಿ ಮಾಯವಾದವೆ? ಹಾಗಲ್ಲ. ಕಳ್ಳಬೇಟೆಗಾರರು ಹಲವು ವರ್ಷಗಳಿಂದ ಒಂದೊಂದಾಗಿ ಹಿಡಿಯುತ್ತಿದ್ದರು; ಹುಲಿ ನಡೆಯುವ ಹಾದಿಯಲ್ಲಿ ಉಕ್ಕಿನ ಹಲ್ಲಿನ ಬೋನನ್ನು ಹೂತಿಟ್ಟರೆ ಬಂದೂಕಿನ ಸದ್ದೂ ಬೇಡ. ಕಾಡಿನಲ್ಲಿ ದಿನವೂ ನಡೆಯುವ ಕೆಳಹಂತದ ಸಿಬ್ಬಂದಿಯ ದಾಖಲೆಗಳಲ್ಲಿ ಹುಲಿಯ ಕುರುಹು ಇಳಿಯುತ್ತ ಬಂದುದು ಕಾಣುತ್ತಿತ್ತು. ಮೇಲಿನ ಲೆಕ್ಕದಲ್ಲಿ ಮಾತ್ರ ಅದು ಕಾಣಲಿಲ್ಲ. ಹುಲಿಯನ್ನು ಕೊಂದವನು ಕಳ್ಳಬೇಟೆಗಾರ, ಸಂದೇಹವಿಲ್ಲ. ಆದರೆ ಅವನಿಗೆ ಅಷ್ಟು ವರ್ಷಗಳ ಕಾಲಾವಕಾಶ ಕೊಟ್ಟದ್ದು ಈ ಗಣತಿಯ ಪುಸ್ತಕ. ಐದು ಹುಲಿ ಕಡಿಮೆಯಾಗಿವೆ ಎಂದು 2002ರಲ್ಲಿಯೇ ಯಾರಾದರೂ ಬರೆದಿದ್ದರೆ ಉಳಿದವನ್ನು ಕಾಯಬಹುದಿತ್ತು ಎಂದು ನನಗೆ ತೋರುತ್ತದೆ.

ಪ್ರಧಾನಿ ಮನಮೋಹನ ಸಿಂಗ್ ಸುನೀತಾ ನಾರಾಯಣ್ ಅವರ ಅಧ್ಯಕ್ಷತೆಯಲ್ಲಿ ಕಾರ್ಯಪಡೆಯನ್ನು ನೇಮಿಸಿದರು. ಕುಖ್ಯಾತ ಚರ್ಮವ್ಯಾಪಾರಿ ಸಂಸಾರ್ ಚಂದ್ 2005ರಲ್ಲಿ ಸೆರೆಸಿಕ್ಕ. ಕಾಡಿನ ಒಳಗೂ ಅಂಚಿನಲ್ಲೂ ಇರುವ ಜನರ ಅಸಮಾಧಾನವನ್ನು ಕಡೆಗಣಿಸಿ ಹುಲಿಯನ್ನು ಉಳಿಸಲಾಗದೆಂದು ಕಾರ್ಯಪಡೆ ಎಚ್ಚರಿಸಿತು. ಹೆಜ್ಜೆಗುರುತಿನ ಗಣತಿಯ ಬದಲು ವೈಜ್ಞಾನಿಕ ಕ್ರಮ ಬರಬೇಕೆಂದಿತು. 2006ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಚನೆಯಾಯಿತು.

ಆ ವೈಜ್ಞಾನಿಕ ಕ್ರಮ ಅದಾಗಲೇ ನಮ್ಮ ನಾಗರಹೊಳೆಯ ಕಾಡಿನಲ್ಲಿ ರೂಪುಗೊಂಡಿತ್ತು. ಹುಲಿಯ ಮೈಮೇಲಿನ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ. ಎರಡು ಹುಲಿಗಳ ಪಟ್ಟೆ ಒಂದೇ ತೆರನಾಗಿರುವುದಿಲ್ಲ. ಕಾಡುದಾರಿಯಲ್ಲಿ ದಾರದ ಬಲೆಯೊಡ್ಡಿ ಹುಲಿಯ ಫೋಟೋ ತೆಗೆದ ಎಫ್.ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿಯೇ ಇದನ್ನು ಗುರುತಿಸಿದ್ದರು. 1990ರ ದಶಕದ ಆರಂಭದಲ್ಲಿ ಕಾರಂತರು ನಾಗರಹೊಳೆಯ ದಾರಿಗಳ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ, ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿಸಿದರು. ಎರಡು ಬದಿಗೆ ಏಕೆ? ಹುಲಿಯ ಎಡಮಗ್ಗುಲ ಪಟ್ಟೆ ಬೇರೆ, ಬಲಮಗ್ಗುಲದ್ದು ಬೇರೆ. ಎರಡನ್ನೂ ಹಿಡಿಯದಿದ್ದರೆ ಒಂದು ಹುಲಿ ಎರಡಾಗಿಬಿಡುತ್ತದೆ!

ಚಿತ್ರ ಸಿಕ್ಕ ಹುಲಿಗಳನ್ನೇನೋ ಎಣಿಸಿದೆವು, ಸಿಗದವುಗಳ ಗತಿ? ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಒಂದು ಕೆರೆಯಿದೆ ಎನ್ನಿ. ಬಲೆ ಬೀಸಿ 50 ಮೀನು ಹಿಡಿದು, ಗುರುತು ಮಾಡಿ ಮತ್ತೆ ಬಿಟ್ಟಿರಿ. ನಾಲ್ಕು ದಿನ ಕಳೆದು ಮತ್ತೆ ಬಲೆ ಬೀಸಿದಾಗ 40 ಮೀನು ಬಿದ್ದವು. ಅವುಗಳಲ್ಲಿ 10ಕ್ಕೆ ಗುರುತಿದೆ. ಅಂದರೆ ಬಲೆಗೆ ಬಿದ್ದ ನಾಲ್ಕರಲ್ಲಿ ಒಂದು ಗುರುತಿನದು. ಕೆರೆಯಲ್ಲಿಯೂ ಅದೇ ಪ್ರಮಾಣವೆಂದರೆ ಒಟ್ಟು ಮೀನು ಸುಮಾರು 200. ಹುಲಿಗೆ ಗುರುತು ಹಾಕುವ ಕಷ್ಟವೂ ಇಲ್ಲ, ಅದು ಹುಟ್ಟುತ್ತಲೇ ಗುರುತು ಹೊತ್ತು ಬಂದಿರುತ್ತದೆ. ಅಮೆರಿಕದ ಸಂಖ್ಯಾವಿಜ್ಞಾನಿ ಜೇಮ್ಸ್ ನಿಕೋಲ್ಸ್ ಅವರೊಡನೆ ಕಾರಂತರು ಬೆಳೆಸಿದ ಈ ಕ್ರಮ, ಇಂತಿಷ್ಟೇ ಹುಲಿ ಎಂದು ಹೇಳುವುದಿಲ್ಲ; ಇಷ್ಟರಿಂದ ಇಷ್ಟರ ನಡುವೆ ಎಂದು ಹೇಳುತ್ತದೆ. ಅದು ಅದರ ಪ್ರಾಮಾಣಿಕತೆ.

ಕ್ಯಾಮೆರಾವನ್ನು ಬಳಸಿಕೊಂಡ ಹೊಸ ಕ್ರಮದ ಮೊದಲ ರಾಷ್ಟ್ರೀಯ ಅಂದಾಜು 2006ರದು. ಸಂಖ್ಯೆ ಹೊರಬಿದ್ದಾಗ ದೇಶ ದಂಗಾಯಿತು: 1,411. ಅದಕ್ಕೆ ಹಿಂದಿನ ಗಣತಿಯಲ್ಲಿ 3,600 ದಾಟಿತ್ತು. ಎರಡು ಸಾವಿರಕ್ಕೂ ಹೆಚ್ಚು ಹುಲಿಗಳು ನಾಲ್ಕು ವರ್ಷದಲ್ಲಿ ಸತ್ತವೆಂದು ಬರೆದವರುಂಟು. ನೀವು ಹಾಗೆ ಬರೆಯಬೇಡಿ. ಬೇರೆ ಬೇರೆ ಅಳತೆಗೋಲಿನಿಂದ ಬಂದ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯಲಾಗದು. ನಂತರದ ಸಂಖ್ಯೆಗಳು 2010ರಲ್ಲಿ 1,706, 2014ರಲ್ಲಿ 2,226, 2018ರಲ್ಲಿ 2,967. ಇವುಗಳ ಏರಿಕೆಯಲ್ಲಿಯೂ ಒಂದು ಪಾಲು ಹೆಚ್ಚು ಕಾಡುಗಳಲ್ಲಿ ಹೆಚ್ಚು ಕ್ಯಾಮೆರಾ ಇಟ್ಟುದರ ಫಲ. 2018ರಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ಮೂರುವರೆ ಕೋಟಿಯಷ್ಟು ಚಿತ್ರ ತೆಗೆದದ್ದು ಗಿನ್ನೆಸ್ ದಾಖಲೆಯಾಯಿತು. ಅಷ್ಟರಲ್ಲಿ ಹುಲಿಯ ಚಿತ್ರಗಳು 76,651. ಸರಿಸ್ಕಾಕ್ಕೂ ಹುಲಿ ಮರಳಿತು: 2008ರ ಜೂನಿನಲ್ಲಿ ರಣಥಂಭೋರಿನಿಂದ ಹೆಲಿಕಾಪ್ಟರಿನಲ್ಲಿ.

ಹುಲಿಯನ್ನು ಸರಿಯಾಗಿ ಎಣಿಸಲು ಹೊರಟವರಿಗೆ ಜಿಂಕೆಯನ್ನೂ ಎಣಿಸಬೇಕಾಯಿತು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆ, ಕಾಟಿಯಂಥ ಸುಮಾರು 50 ಪ್ರಾಣಿಗಳು ಆಹಾರವಾಗಿ ಬೇಕು. ಅಷ್ಟು ತಿಂದರೂ ಕರಗದಿರಲು ಅಲ್ಲಿ 500ರಷ್ಟು ಪ್ರಾಣಿಗಳಿರಬೇಕು. ಮಾಂಸಕ್ಕಾಗಿ ಜಿಂಕೆಗೆ ಒಡ್ಡಿದ ಉರುಳು ಹುಲಿಯನ್ನೂ ಉಪವಾಸ ಕೆಡವುತ್ತದೆ. ಲಂಟಾನ ಹಬ್ಬಿ ಹುಲ್ಲು ಸತ್ತರೂ ಹಾಗೆಯೇ. ಬಂಡೀಪುರದ ಕಾಡನ್ನು ಬಸ್ಸಿನಲ್ಲಿ ದಾಟಿದವರು ಆ ಪೊದೆಗಳನ್ನು ನೋಡಿರುತ್ತಾರೆ. ಅದೇ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ 2009ರಿಂದ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವಯನಾಡಿನ ಜನರಿಗೆ ಅದರಿಂದ ತೊಂದರೆಯೆಂಬ ವಾದ ಬಹುಕಾಲದಿಂದ ನಡೆದಿದೆ.

ಇನ್ನು ಕಾಡಿನೊಳಗಿನ ಮನುಷ್ಯರು. ಭದ್ರಾ ಕಾಡಿನಿಂದ 2002ರ ಸುಮಾರಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಜಮೀನು ಪಡೆದು ಹೊರಬಂದವು. ಅದನ್ನು ಯಶಸ್ಸೆಂದು ಹೇಳುತ್ತಾರೆ. ನಾಗರಹೊಳೆಯ ಜೇನುಕುರುಬರಲ್ಲಿ ಅನೇಕರು ತಮ್ಮನ್ನು ಹೊರಹಾಕಿದರೆಂದೇ ಹೇಳುತ್ತಾರೆ, ಕಾಡಿನ ಹಕ್ಕನ್ನು ಕೇಳುತ್ತಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ, ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಅಲ್ಲಿ ಹುಲಿಯೂ ಇದೆ, ಸೋಲಿಗರೂ ಇದ್ದಾರೆ. ಎಲ್ಲ ಕಾಡಿಗೂ ಒಂದೇ ಸೂತ್ರ ಹೊಂದುವುದಿಲ್ಲ.

2022ರ ಅಂದಾಜಿನಲ್ಲಿ ಬಂಡೀಪುರಕ್ಕೆ 150, ನಾಗರಹೊಳೆಗೆ 141 ಹುಲಿ. ಇಷ್ಟು ಹುಲಿಗಳ ಮರಿಗಳು ಬೆಳೆದು ಹೊಸ ನೆಲೆ ಹುಡುಕಿ ಹೊರಟಾಗ ಸಿಗುವುದು ಕಾಡಲ್ಲ, ಕಬ್ಬಿನ ಗದ್ದೆ, ಹತ್ತಿಯ ಹೊಲ. 2025ರ ಕೊನೆಯ ತಿಂಗಳುಗಳಲ್ಲಿ ಸರಗೂರು ಸೀಮೆಯಲ್ಲಿ ಹುಲಿ ದಾಳಿಯಿಂದ ರೈತರು ಸತ್ತಾಗ ಜನರ ಕೋಪ ಎಷ್ಟಿತ್ತೆಂದರೆ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ಸರಕಾರ ನಿಲ್ಲಿಸಬೇಕಾಯಿತು. ಸತ್ತವರ ಮನೆಯ ಮುಂದೆ ನಿಂತು ಹುಲಿಯ ಸಂಖ್ಯೆ ಏರಿದೆಯೆಂದು ಯಾರು ಹೇಳಿಯಾರು?

ಅದಕ್ಕೆ ಕೆಲವು ತಿಂಗಳು ಮೊದಲು, 2025ರ ಜೂನ್ 26ರಂದು, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ಹೆಣ್ಣುಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಇಲ್ಲಿ ಬಹುಮಾನವೂ ಇರಲಿಲ್ಲ, ಮೂಳೆಯ ವ್ಯಾಪಾರಿಯೂ ಇರಲಿಲ್ಲ; ಒಂದು ಹಸುವಿನ ನಷ್ಟವಿತ್ತು. ಹಸು ಸತ್ತ ಮನೆಗೆ ಪರಿಹಾರದ ಹಣ ಎಷ್ಟು ದಿನದಲ್ಲಿ ತಲುಪುತ್ತದೆ ಎಂಬ ಲೆಕ್ಕವನ್ನು ಯಾವ ಕ್ಯಾಮೆರಾವೂ ಇಡುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಹುಲಿ ಅಂದಾಜಿನ ಆರನೆಯ ಸುತ್ತು 2026ರದು.